ಭಾನುವಾರದ ಹಾಜರಿ

ಅರುಣಕುಮಾರಿಗೆ ವಾರಕ್ಕೆ ಹದಿನೈದು ಗಂಟೆ ಪಾಠ ಅನ್ನುವುದು ಬರೀ ಕಾಗದದ ಮಾತು. ಹೆಸರಿಗೆ ಅತಿಥಿ ಉಪನ್ಯಾಸಕಿ. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವ ಅತಿಥಿ! ಸ್ಕಾಲರ್‌ಶಿಪ್ ಅರ್ಜಿ ಅವಳ ತಲೆಗೆ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನವರ ಫೈಲು ಅವಳ ತಲೆಗೆ. ಅದು ಸಾಲದೆಂದು ಇತಿಹಾಸ ವಿಭಾಗದ ಮುಖ್ಯಸ್ಥ ಕೋದಂಡಪ್ಪನವರ ಪಾಠವೂ. ಅವರು ಕಾಯಂ ನೌಕರರು, ಬಂಗಾರಪೇಟೆಯಲ್ಲಿ ಕಲ್ಯಾಣಮಂಟಪ ಕಟ್ಟಿಸುತ್ತಿದ್ದರು, ಪಾಠಕ್ಕೆಲ್ಲಿ ಪುರುಸೊತ್ತು? ಮೂರನೇ ವರ್ಷದವರ ಬೆಳಿಗ್ಗೆ ಒಂಬತ್ತು ಗಂಟೆಯ ಪಾಠವನ್ನು ಮೊದಲ ದಿನದಿಂದ ಇವಳೇ ಮಾಡಿದ್ದಳು. ಹಾಜರಿ ಪುಸ್ತಕ ಮಾತ್ರ ಅವರ ಬೀರುವಿನಲ್ಲಿ. ಮುಂದಿನ ವರ್ಷ ಇವಳಿಗೆ ಪಾಠ ಉಂಟೋ ಇಲ್ಲವೋ ಬರೆದುಕೊಡುವವರು ಅವರೇ, ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದಳು. ತನ್ನ ಸಮಾಧಾನಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ದಿನದಿನದ ಹಾಜರಿ ಬರೆದಿಟ್ಟಿದ್ದಳು, ಅಷ್ಟೆ.

ಸೋಮವಾರ ಹಾಜರಿ ಸಾಲದೆ ಪರೀಕ್ಷೆಗೆ ಕೂರಬಾರದವರ ಪಟ್ಟಿ ಬಿತ್ತು. ಮೂರನೇ ವರ್ಷದ, ಕ್ಯಾಸಂಬಳ್ಳಿಯ ಪುಷ್ಪ ಅಳುತ್ತಾ ಬಂದಳು. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಬಸ್ಸು ಹಿಡಿದು ಮೊದಲ ಬೆಂಚಿಗೆ ಬಂದು ಕೂರುವ ಹುಡುಗಿ.

"ಒಂದಿನಾನೂ ತಪ್ಪಿಸ್ಕಂಡಿಲ್ಲ ಮೇಡಂ, ನಿಮ್ಗೇ ಗೊತ್ತಲ್ಲ. ವರ್ಷ ಓಯ್ತು ಅಂದ್ರೆ ನಮ್ಮಪ್ಪ ಇನ್ನ ಕಾಲೇಜು ಸಾಕು ಅಂತಾನೆ."

ಅರುಣಕುಮಾರಿ ಆಫೀಸಿಗೆ ಹೋಗಿ, ಪಟ್ಟಿಯ ಜೊತೆ ಅಲ್ಲಿಗೆ ಬಂದಿದ್ದ ಹಾಜರಿ ಪುಸ್ತಕ ತೆಗೆಸಿದಳು. ಆರು ತಿಂಗಳ ಹಾಜರಿ, ಕೋದಂಡಪ್ಪನವರು ಒಂದೇ ಪೆನ್ನಿನಲ್ಲಿ ಒಂದೇ ಸಲ ಕೂತು ತುಂಬಿದ್ದು. ಎಲ್ಲರೂ ಹಾಜರು ಅಂದರೆ ಯಾರೂ ನಂಬುವುದಿಲ್ಲವೆಂದು, ಮುಖ ಗೊತ್ತಿಲ್ಲದ ಹೆಸರುಗಳ ಮುಂದೆ ಅಲ್ಲಲ್ಲಿ ಗೈರು ಉದುರಿಸಿದ್ದರು. ಅವಸರದಲ್ಲಿ ಕ್ಯಾಲೆಂಡರ್ ಕೂಡ ನೋಡಿರಲಿಲ್ಲ. ಪುಸ್ತಕದ ಪ್ರಕಾರ ನಾಲ್ಕು ಭಾನುವಾರ ಪಾಠ ನಡೆದಿತ್ತು, ಆ ನಾಲ್ಕಕ್ಕೂ ಪುಷ್ಪ ಗೈರು! ಅರುಣಕುಮಾರಿಗೆ ಮೈಯೆಲ್ಲ ಉರಿದುಹೋಯಿತು. ಕೋದಂಡಪ್ಪನವರ ಮೇಲೆ ಎಷ್ಟು ಸಿಟ್ಟು ಬಂತೋ, ಇಷ್ಟು ದಿನ ಸುಮ್ಮನಿದ್ದ ತನ್ನ ಮೇಲೂ ಅಷ್ಟೇ ಬಂತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಕೋದಂಡಪ್ಪನವರು ಕಾಫಿ ಕುಡಿಯುತ್ತಿದ್ದರು. ಅವಳು ಹಾಜರಿ ಪುಸ್ತಕ, ತನ್ನ ನೋಟ್‌ಬುಕ್ಕು ಎರಡನ್ನೂ ಮೇಜಿನ ಮೇಲೆ ಬಿಚ್ಚಿಟ್ಟಳು.

ಪ್ರಿನ್ಸಿಪಾಲರು ಭಾನುವಾರಗಳನ್ನು ನೋಡಿ ಕನ್ನಡಕ ತೆಗೆದರು. "ನಿಮ್ಮ ನೋಟ್‌ಬುಕ್ ನಂಬಬೇಕಾದರೆ ಪಾಠ ಮಾಡಿದ್ದು ನೀವೇ ಅಂತ ಬರೆದು ಕೊಡಬೇಕಮ್ಮ. ಯೋಚನೆ ಮಾಡಿ."

"ಒಂದು ಉಡುಗಿಗೋಸ್ಕರ ನಿಮ್ ಅನ್ನಕ್ಕೆ ನೀವೇ ಮಣ್ಣಾಕ್ಕೋತೀರಾ?" ಕೋದಂಡಪ್ಪನವರು ಲೋಟ ಕೆಳಗಿಟ್ಟರು. "ಮುಂದಿನ್ ವರ್ಷ ನಿಮ್ಗೆ ಯಾರು ಪಾಠ ಕೊಡ್ತಾರೆ ನೋಡ್ತೀನಿ."

ಅವಳು ನಿಂತೇ ಬರೆದಳು. ಮೂರನೇ ವರ್ಷದ ಒಂದು ಪಾಠವನ್ನೂ ಕೋದಂಡಪ್ಪನವರು ಮಾಡಿಲ್ಲ, ಎಲ್ಲವನ್ನೂ ನಾನು ಮಾಡಿದ್ದೇನೆ, ಪುಷ್ಪ ಎಲ್ಲದಕ್ಕೂ ಹಾಜರಿದ್ದಳು. ಕೆಳಗೆ ಸಹಿ, ತಾರೀಖು. ಪ್ರಿನ್ಸಿಪಾಲರು ಪಟ್ಟಿಯಿಂದ ಪುಷ್ಪಳ ಹೆಸರು ಹೊಡೆದುಹಾಕುವವರೆಗೂ ಅವಳು ಅಲ್ಲಿಂದ ಅಲ್ಲಾಡಲಿಲ್ಲ.

ಆಮೇಲೆ ಕೋದಂಡಪ್ಪನವರ ಕಡೆ ತಿರುಗಿದಳು.

"ಮುಂದಿನ ವರ್ಷದ ಮಾತು ಇರಲಿ ಸಾರ್. ಇನ್ನೂ ಎರಡು ಅಧ್ಯಾಯ ಬಾಕಿ ಇದೆ. ನಾಳೆ ಒಂಬತ್ತಕ್ಕೆ ನೀವೇ ಬನ್ನಿ. ಎಲ್ಲಿಗೆ ನಿಲ್ಲಿಸಿದ್ದು ಅಂತ ಪುಷ್ಪನ ಕೇಳಿ, ಹೇಳ್ತಾಳೆ. ಮೊದಲ ಬೆಂಚಿನಲ್ಲಿ ಕೂತಿರ್ತಾಳೆ."