ಬೋಲ್ಟ್ ಹಾಕಿದ ಕಲ್ಲು

ಕಲ್ಲಿಗೆ ತೂತು ಕೊರೆದಿದ್ದರು.

ನನ್ನ ಗಂಡ ಇಕುಮಾ ಹತ್ತಿರದ ಹೊಳೆಯಿಂದ ಕಲ್ಲೊಂದನ್ನು ತಂದು ನೆಲದ ಮೇಲಿಟ್ಟು, ಅದಕ್ಕೆ ಕಬ್ಬಿಣದ ತಗಡು ಒರಗಿಸುತ್ತಿದ್ದ. ಅಷ್ಟೇ ಅವನ ಕೃತಿ. ಮೊಳೆಯಿಲ್ಲ, ಅಂಟಿಲ್ಲ. ಪ್ರದರ್ಶನ ಮುಗಿದ ಮೇಲೆ ಕಲ್ಲನ್ನು ಎತ್ತಿದ ಜಾಗಕ್ಕೇ ಮರಳಿಸುತ್ತಿದ್ದ. ಕಳೆದ ವಸಂತದಲ್ಲಿ, ತಾಮಾ ಹೊಳೆಯ ದಡದ ಕಲಾಭವನದಲ್ಲಿ ಪ್ರದರ್ಶನ ನಡೆಯುತ್ತಿರುವಾಗಲೇ ಮೆದುಳಿನ ರಕ್ತನಾಳ ಒಡೆದು ಅವನು ತೀರಿಕೊಂಡ. ಕಲ್ಲು ಕಲಾಭವನದ ಉಗ್ರಾಣ ಸೇರಿತು. ನಾನು ಏನನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಈಗ ಅಲ್ಲೇ ಅವನ ನೆನಪಿನ ಪ್ರದರ್ಶನ. ಉದ್ಘಾಟನೆಯ ಹಿಂದಿನ ದಿನ ಅತ್ತೆಯೂ ನಾನೂ ನೋಡಲು ಹೋದೆವು. ಕಲ್ಲನ್ನು ತಿಕ್ಕಿ ಪಾಚಿ ತೆಗೆದಿದ್ದರು. ತಗಡನ್ನು ಅದಕ್ಕೆ ಬೋಲ್ಟಿನಿಂದ ಬಿಗಿದಿದ್ದರು.

"ಭೂಕಂಪಕ್ಕೆ ಬೀಳ್ಬಾರ್ದು ಅಂತ," ಎಂದರು ಮೇಲ್ವಿಚಾರಕ ನೊರಿಜುಕಿ, ಸೊಂಟ ಬಾಗಿಸಿ. "ಹೊರಗಿಂದ ಕಾಣೋದೇ ಇಲ್ಲ ನೋಡಿ."

"ಭೂಮಿ ನಡುಗಿದ್ರೆ ಅದು ಬೀಳ್ಬೇಕು. ಜನರನ್ನ ದೂರ ನಿಲ್ಲಿಸಿದ್ರೆ ಸಾಕಿತ್ತು," ಎಂದೆ.

"ಇದು ಅವರ ಕೊನೇ ಕಲ್ಲಲ್ವಾ ಮೇಡಂ. ಜೋಪಾನ ಮಾಡೋಣ ಅಂತ."

"ಬದುಕಿದ್ದಾಗ ನನ್ನ ಮಗನಿಗೆ ಒಂದು ಲೋಟ ಚಹಾ ಕೊಟ್ಟೋರಲ್ಲ," ಎಂದರು ಅತ್ತೆ. "ಈಗ ಕಲ್ಲಿಗೆ ಸ್ನಾನ ಮಾಡಿಸಿದಾರೆ. ತಲೆ ಬಾಚೋದೊಂದು ಬಾಕಿ."

ನೊರಿಜುಕಿ ಮತ್ತೆ ಬಾಗಿದರು. ಅವರು ಬಾಗಿದಷ್ಟೂ ನನ್ನ ಹಲ್ಲು ಬಿಗಿಯುತ್ತಿತ್ತು.

"ಅವನ ಹೆಸರು ತೆಗೀರಿ," ಎಂದೆ.

"ಏನಂದ್ರಿ?"

"ಇದು ನಿಮ್ಮ ಕೆಲಸ, ನಿಮ್ಮ ಹೆಸರು ಹಾಕ್ಕೊಳ್ಳಿ. ಅವನ ಹೆಸರೇ ಬೇಕಂದ್ರೆ ಬೋಲ್ಟ್ ಬಿಚ್ಚಿ. ಈ ಕಲ್ಲನ್ನ ಹೊಳೆಗೆ ಕೊಟ್ಟು ಬೇರೆ ತನ್ನಿ."

"ನಾಳೆ ಮೇಯರ್ ಬರ್ತಾರೆ..."

"ಬರ್ಲಿ. ಕಲ್ಲು ಹೊರೋಕೆ ಅವರೂ ಒಂದು ಕೈ ಹಾಕ್ಲಿ."

ಹೆಸರಿಲ್ಲದೆ ಪ್ರದರ್ಶನವಿಲ್ಲ. ಸಂಜೆಗೆ ಮೊದಲು ಇಬ್ಬರು ಕೆಲಸಗಾರರು ಬೋಲ್ಟ್ ಬಿಚ್ಚಿ, ಕಲ್ಲನ್ನು ಹೊಳೆಗೆ ಹೊತ್ತು ತಂದರು. ಅವನು ಎತ್ತಿದ ಜಾಗ ನನಗೆ ಗೊತ್ತಿತ್ತು. ನೊರಿಜುಕಿ ಪ್ಯಾಂಟು ಮಡಚಿ ನೀರಿಗಿಳಿದು, ಅದನ್ನು ಇಡಿಸಿದರು. ತೂತು ಮೇಲ್ಮುಖವಾಗಿತ್ತು.

"ತಿರುಗಿಸ್ಲಾ?"

"ಬೇಡ. ಕಾಣ್ಲಿ."

ಬೇರೆ ಕಲ್ಲು ಆರಿಸಲು ಅವರಿಗೇ ಹೇಳಿದೆ. ಅವರು ತೋರಿಸಿದ್ದು ನುಣುಪಾದ ಗುಂಡು ಕಲ್ಲು.

"ಅಯ್ಯೋ, ಮದುಮಗಳನ್ನ ಹುಡುಕ್ತಿದಾನೆ," ಎಂದರು ಅತ್ತೆ.

ಕೊನೆಗೆ ಕೆಸರು ಮೆತ್ತಿದ, ಒಂದು ಮಗ್ಗುಲು ಸೀಳಿದ ಕಲ್ಲೊಂದನ್ನು ಎತ್ತಿಸಿದೆ. ದಡಕ್ಕೆ ತಂದಿಟ್ಟ ಕೂಡಲೇ ನೊರಿಜುಕಿ ಕರವಸ್ತ್ರ ತೆಗೆದು ಒರೆಸಲು ಬಗ್ಗಿದರು. ನಾನು ಅವರ ಮಣಿಕಟ್ಟು ಹಿಡಿದೆ.

"ಮೇಡಂ, ನೋಯ್ತಿದೆ," ಎಂದರು.

ನಾನು ಬಿಡಲಿಲ್ಲ.