ಕೆಳಗಿನ ದನಿ

ಕಸಾಯಿಖಾನೆಯಲ್ಲಿ ಎಲ್ಲರೂ ಅವನನ್ನು ಕತ್ತಿಯಣ್ಣ ಎಂದೇ ಕರೆಯುತ್ತಿದ್ದರು. ಅರವತ್ತರ ಹತ್ತಿರ ಬಂದಿದ್ದರೂ ಅವನು ಕೊಂಬು ಹಿಡಿದರೆ ಹೋರಿ ಮಿಸುಕಾಡುತ್ತಿರಲಿಲ್ಲ. ದಿನವಿಡೀ ಗೊರಸಿನ ಸದ್ದು, ಕೊಕ್ಕೆಗಳ ಸದ್ದು, ರಕ್ತ ತೊಳೆಯುವ ನೀರಿನ ಸದ್ದು. ಮದುವೆಯ ಗೋಜಿಗೆ ಹೋಗದ ಅವನಿಗೆ ಮನೆಗೆ ಬಂದ ಮೇಲೆ ಬೇಕಾದದ್ದು ಒಂದೇ, ಯಾರೂ ಬಾಯಿ ಬಿಡಬಾರದು.

ಒಂದು ಮಧ್ಯಾಹ್ನ ತಂಗಿ ಬಾಗಿಲಲ್ಲಿ ನಿಂತಿದ್ದಳು. ಎಡಗೈಗೆ ಪ್ಲಾಸ್ಟರು, ತುಟಿ ಒಡೆದು ಬಾತುಕೊಂಡಿತ್ತು. ಹಿಂದೆ ಟ್ಯಾಕ್ಸಿಯವನು ರೆಕಾರ್ಡ್ ಪ್ಲೇಯರೊಂದನ್ನು, ರೆಕಾರ್ಡು ತುಂಬಿದ ಪೆಟ್ಟಿಗೆಯೊಂದನ್ನು ಇಳಿಸುತ್ತಿದ್ದ.

“ಮತ್ತೆ ಹೊಡೆದನಾ?”

“ಈ ಸಲ ಮುರಿದ. ಇನ್ನು ಆ ಮನೆಗೆ ಕಾಲಿಡಲ್ಲ, ಅಣ್ಣ.”

ಅವಳ ಗಂಡ ಲಾರಿ ಡ್ರೈವರ್. ಮದುವೆಯಾದಾಗಿನಿಂದ ಬಡಿಯುತ್ತಲೇ ಇದ್ದ. ಅವಳು ಅಳುತ್ತ ಬಂದಾಗಲೆಲ್ಲ ಕತ್ತಿಯಣ್ಣ, “ಸ್ವಲ್ಪ ಹೊಂದ್ಕೊಂಡು ಹೋಗು” ಎಂದು ವಾಪಸು ಕಳಿಸಿದ್ದ. ಈ ಸಲ ಆ ಕೈ ನೋಡಿ ಪೆಟ್ಟಿಗೆಯನ್ನು ತಾನೇ ಎತ್ತಿ ಒಳಗಿಟ್ಟ.

ತಂಗಿಗೆ ರೇಡಿಯೋ ಕೇಂದ್ರದ ಲೈಬ್ರರಿಯಲ್ಲಿ ಕೆಲಸ. ಅಲ್ಲಿ ಬೇಡವೆಂದು ಬಿಸಾಡಿದ, ಬರೋಕ್ ಎಂಬ ಹಳೆಯ ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳನ್ನೆಲ್ಲ ಆರಿಸಿ ತಂದಿದ್ದಳು. ಸಂಜೆಯಾದರೆ ಹಾಕಿಕೊಂಡು ಕೂರುವಳು.

“ಇದೇನೇ ಇದು, ಚಮಚದ ಡಬ್ಬ ಮೆಟ್ಟಿಲ ಮೇಲಿಂದ ಉರುಳಿದ ಹಾಗೆ?” ಎಂದು ಅವನು ರೇಗಿದ.

“ಹಾರ್ಪ್ಸಿಕಾರ್ಡ್ ಅಂತ, ಪಿಯಾನೋ ಥರದ ಹಳೇ ವಾದ್ಯ. ಮೇಲಿನ ಗದ್ದಲ ಬಿಡು. ಕೆಳಗೆ ಒಂದು ದಪ್ಪ ದನಿ ನಡೀತಾ ಇದೆ ನೋಡು, ಅದರ ಹಿಂದೆ ಹೋಗು.”

ಬೈದುಕೊಂಡೇ ಆ ದನಿಯ ಹಿಂದೆ ಹೋದ. ಮೇಲೆ ಪಿಟೀಲುಗಳು ಒಂದರ ಜುಟ್ಟು ಒಂದು ಹಿಡಿದು ಜಗಳಾಡುತ್ತಿದ್ದರೆ, ಕೆಳಗೆ ಚೆಲ್ಲೊ ಎಂಬ ದೊಡ್ಡ ಪಿಟೀಲು ಯಾರ ಹಂಗೂ ಇಲ್ಲದೆ ನಡೆಯುತ್ತಿತ್ತು. ಮರುದಿನ ಹಸುವಿನ ಚರ್ಮ ಸುಲಿಯುವಾಗ ಕೈ ಅದೇ ನಡಿಗೆಗೆ ಬಿದ್ದಿತ್ತು. ಅವನಿಗೇ ನಗು ಬಂತು.

ಆಮೇಲೆ ಹುಚ್ಚು ಹತ್ತಿತು. ಒಂದೇ ಕೃತಿಯನ್ನು ಇಬ್ಬರು ಬೇರೆ ಬೇರೆ ನುಡಿಸಿದ್ದಾರೆಂದು ತಂಗಿ ತೋರಿಸಿದಾಗ ಎರಡನ್ನೂ ಮತ್ತೆ ಮತ್ತೆ ಹಾಕಿಸಿದ. ಹೊಸತು ಚುರುಕಾಗಿತ್ತು, ಗಾಜು ಒರೆಸಿದ ಹಾಗಿತ್ತು. ಹಳೆಯದು ನಿಧಾನ, ಗರಗರ ಸದ್ದು ಬೇರೆ. ಆದರೆ ಅದರಲ್ಲಿ ನುಡಿಸುವವನು ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು. “ಪಾಪ, ಎಷ್ಟು ಕಷ್ಟಪಡ್ತಿದಾನೆ,” ಎನ್ನುತ್ತಿದ್ದ. ಹಳೆಯದೇ ಅವನ ಪಾಲಿಗೆ ಸಂಗೀತ.

ಒಂದು ಭಾನುವಾರ ಅದನ್ನು ಕೇಳುತ್ತಿದ್ದಾಗ ಬಾಗಿಲು ಒದ್ದ ಸದ್ದಾಯಿತು. ಚಿಲಕ ಕಿತ್ತು ಬಂತು. ಡ್ರೈವರ್ ಕಬ್ಬಿಣದ ಸಲಾಕೆ ಹಿಡಿದು ಒಳಗೆ ನುಗ್ಗಿದ. ನೇರ ಹೆಂಡತಿಯ ಕೂದಲಿಗೆ ಕೈ ಹಾಕಿ ಎಳೆದ. ಅವಳ ಹಣೆ ಚೌಕಟ್ಟಿಗೆ ಬಡಿದು ರಕ್ತ ಮುಖಕ್ಕಿಳಿಯಿತು.

“ಭಾವ, ಕೂತ್ಕೊಂಡು ಮಾತಾಡೋಣ,” ಎಂದು ಕತ್ತಿಯಣ್ಣ ಎದೆಗೆ ಕೈ ಕೊಟ್ಟು ತಳ್ಳಿದ.

“ಮಾತಾಡ್ತೀಯಾ? ಈ ದರಿದ್ರ ಪ್ಲೇಟುಗಳಿಂದಲೇ ಇವಳ ತಲೆ ಕೆಟ್ಟಿದ್ದು!”

ಸಲಾಕೆ ಪ್ಲೇಯರಿನ ಮೇಲೆ ಬಿತ್ತು. ರೆಕಾರ್ಡು ಚೂರಾಯಿತು. ಚೂರುಗಳ ಮೇಲೆ ಡ್ರೈವರ್ ಬೂಟುಗಾಲಿಟ್ಟು ತಿರುವಿದ.

ಕತ್ತಿಯಣ್ಣ ಅವನ ಕುತ್ತಿಗೆಗೆ ಕೈ ಹಾಕಿ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಮತ್ತೆ ಅಪ್ಪಳಿಸಿದ. ಮೂಗು ಲಟಕ್ಕೆಂದಿತು. ಸಲಾಕೆ ಹಿಡಿದ ಕೈಯನ್ನು ಬೆನ್ನಿಗೆ ತಿರುಚಿ, ಕೀಲು ಎಲ್ಲಿದೆ ಎಂದು ಬೆರಳಲ್ಲೇ ಹುಡುಕಿ ಭುಜದಿಂದ ಕಳಚಿದ. ಡ್ರೈವರ್ ಕೂಗುವುದನ್ನೂ ಬಿಟ್ಟು ಕುಸಿದುಬಿದ್ದ ಮೇಲೂ ಪಕ್ಕೆಗೆ ಒದೆಯುತ್ತಲೇ ಇದ್ದ. ತಂಗಿ ಪ್ಲಾಸ್ಟರು ಕಟ್ಟಿದ ಕೈಯಿಂದಲೇ ಅಣ್ಣನ ಬೆನ್ನಿಗೆ ಗುದ್ದಿದಳು. ಅಕ್ಕಪಕ್ಕದವರು ಬಂದು ಎಳೆದು ಹಿಡಿಯಬೇಕಾಯಿತು.

ಪೊಲೀಸರು ಬರುವವರೆಗೆ ಅವಳು ಗೋಡೆಗೊರಗಿ ಕೂತಿದ್ದಳು.

“ನಂಗೋಸ್ಕರ ಹೊಡೆದೆಯಾ ಅಣ್ಣ, ರೆಕಾರ್ಡಿಗೋಸ್ಕರ ಹೊಡೆದೆಯಾ?”

ಸುಳ್ಳು ಹೇಳಬಹುದಿತ್ತು. ಆದರೆ ಅವಳ ಮುಖ ನೋಡಿಕೊಂಡು ಆಗಲಿಲ್ಲ. “ರೆಕಾರ್ಡಿಗೆ,” ಎಂದ.

“ನನ್ನ ಕೈ ಮುರಿದಾಗ ನಿಂಗೆ ಸಿಟ್ಟು ಬರಲಿಲ್ಲ.”

ಅವನಿಗೆ ಹೋರಿಯ ಕೊಂಬು ಎದೆಗೆ ನೆಟ್ಟಂತಾಯಿತು.

ಡ್ರೈವರ್ ಬದುಕಿಕೊಂಡ. ಬಲಗೈ ಮಾತ್ರ ಎತ್ತಲು ಬಾರದೆ ಹೋಯಿತು, ಲಾರಿಯೂ ಕೈಬಿಟ್ಟಿತು. ಕೋರ್ಟಿನಲ್ಲಿ ತಂಗಿ ಇದ್ದದ್ದು ಇದ್ದಹಾಗೆ ಹೇಳಿದಳು, ಬಿದ್ದವನನ್ನು ಅಣ್ಣ ಒದ್ದದ್ದನ್ನೂ. ಎರಡು ವರ್ಷ ಶಿಕ್ಷೆಯಾಯಿತು. ಸೆರೆಮನೆಯಲ್ಲಿ ಗುನುಗುತ್ತ ಕೂತಿದ್ದಾಗ ಅಣಕಿಸಿದವನೊಬ್ಬನ ಹಲ್ಲುದುರಿಸಿ ಒಂಟಿ ಕೋಣೆಗೂ ಹೋಗಿಬಂದ. ಅಲ್ಲಿ ಆ ಸಂಗೀತದ ಮೇಲಿನ ದನಿಗಳು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಬದಲಿಗೆ, ತಾನು ಗಂಡನ ಮನೆಗೆ ವಾಪಸು ಕಳಿಸಿದಾಗಲೆಲ್ಲ ತಂಗಿ ಮೆಟ್ಟಿಲಿಳಿಯುತ್ತಿದ್ದ ಸದ್ದು ಒಂದೊಂದಾಗಿ ನೆನಪಾಯಿತು. ಅವನು ಗೋಡೆಗೆ ತಾನೇ ಗುದ್ದಿ ಬೆರಳು ಮುರಿದುಕೊಂಡ.

ಬಿಡುಗಡೆಯಾದಾಗ ಅವಳು ಬೇರೆ ಬೀದಿಯಲ್ಲಿ ಒಂಟಿ ರೂಮು ಹಿಡಿದಿದ್ದಳು. ಬಾಗಿಲು ತೆರೆದವಳ ಹಣೆಯ ಮೇಲೆ ಹೊಲಿಗೆಯ ಗುರುತು.

“ತಪ್ಪಾಯ್ತು ಕಣೇ. ಅವನನ್ನ ಹೊಡೆದದ್ದಕ್ಕಲ್ಲ, ನಿನ್ನ ವಾಪಸು ಕಳಿಸಿದ್ದಕ್ಕೆ.”

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. “ಚಪ್ಪಲಿ ಹೊರಗೆ ಬಿಡು. ಹೊಸ ಪ್ಲೇಯರ್ ಮುಟ್ಟಬೇಡ. ಸುಮ್ಮನೆ ಕೂರೋದಾದ್ರೆ ಕೂರು.”

ಅವನು ನೆಲದ ಮೇಲೆ ಕೂತ. ಅವಳು ಹೊಸ ರೆಕಾರ್ಡೊಂದನ್ನು ತೆಗೆದು ಸೆರಗಿನಿಂದ ಧೂಳು ಒರೆಸತೊಡಗಿದಳು.