ಉಂಗುರ ತೋರಿಸುವ ಕೈ

ಗಾಜಿನ ಕೌಂಟರಿನ ದೀಪದ ಕೆಳಗೆ ನನ್ನ ಎಡಗೈ ಚಾಚಿಕೊಂಡಿತ್ತು. ಬೆರಳಲ್ಲಿ ಕೆಂಪು ಹರಳಿನ ಉಂಗುರ. ಕೊಳ್ಳಲು ಬಂದ ಹುಡುಗಿ ಉಂಗುರ ನೋಡಲಿಲ್ಲ. ನನ್ನ ಕೈಮೇಲೆ ಎದ್ದ ನರಗಳನ್ನೂ ಕಂದು ಕಲೆಗಳನ್ನೂ ನೋಡಿ ಮುಖ ತಿರುಗಿಸಿದಳು. ಆ ಒಡವೆ ಅಂಗಡಿಯಲ್ಲಿ ಉಂಗುರಗಳನ್ನು ನನ್ನ ಬೆರಳಿಗೆ ತೊಟ್ಟು ತೋರಿಸುವುದೇ ನನ್ನ ಕೆಲಸವಾಗಿತ್ತು. ಮಾಲೀಕರಾದ ವರ್ಧಮಾನಯ್ಯನವರ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ?

"ಕೈ ಸರಿ ಮಾಡಿಸ್ಕೊಳ್ಳಮ್ಮ. ಇಲ್ಲಾಂದ್ರೆ ಹಬ್ಬದ ಹೊತ್ತಿಗೆ ಬೇರೆ ಹುಡುಗೀನ ನೋಡ್ಬೇಕಾಗುತ್ತೆ," ಎಂದರು. ಬೈದಿದ್ದರೆ ಚೆನ್ನಾಗಿತ್ತು, ಮೆತ್ತಗೆ ಹೇಳಿದ್ದಕ್ಕೇ ಹೆಚ್ಚು ಹೆದರಿಕೆಯಾಯಿತು. ನನಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಡಾಕ್ಟರ್ ಕುಶಾಲಪ್ಪ ನನ್ನ ಕೈಯನ್ನು ದಿಂಬಿನ ಮೇಲಿಟ್ಟು ಚರ್ಮ ಚಿವುಟಿ ನೋಡಿದರು. ಅದು ಕೂಡಲೇ ಕೆಳಗಿಳಿಯಲಿಲ್ಲ.

"ಎರಡು ದಾರಿ ಇದೆ ತಾಯಿ. ಕಲೆಗೆ ಲೇಸರ್, ಗುಳಿ ಬಿದ್ದಲ್ಲಿಗೆ ಇಂಜೆಕ್ಷನ್. ಕುಯ್ಯೋದೇನಿಲ್ಲ. ಆದ್ರೆ ಇಂಜೆಕ್ಷನ್ ಹಾಕಿದ್ದು ವರ್ಷ ಕಳೆದ್ರೆ ಕರಗಿಹೋಗುತ್ತೆ, ಮತ್ತೆ ಬರ್ಬೇಕು. ಇನ್ನೊಂದು ಆಪರೇಷನ್. ಹೊಟ್ಟೆ ಕೊಬ್ಬು ತೆಗೆದು ಇಲ್ಲಿ ತುಂಬ್ತೀವಿ. ಬಹಳ ಕಾಲ ಬಾಳುತ್ತೆ."

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಅಪರೂಪಕ್ಕೆ ಸೋಂಕಾಗಬಹುದು. ಬೆರಳು ಜೋಮು ಹಿಡಿದ ಹಾಗೇ ಉಳೀಬಹುದು."

ಜೋಮು ಹಿಡಿದ ಬೆರಳಿಂದ ಉಂಗುರ ಜಾರಿದರೂ ತಿಳಿಯುವುದಿಲ್ಲ. "ಡಾಕ್ಟ್ರೇ, ನಿಮ್ಮ ಕೈಯಾಗಿದ್ರೆ ಯಾವುದು ಮಾಡಿಸ್ತಿದ್ರಿ?" ಎಂದು ಕೇಳಿಬಿಟ್ಟೆ.

ಅವರ ಕೈಗಳು ನನ್ನ ಕೈಗಳಿಗಿಂತ ಸುಕ್ಕಾಗಿದ್ದವು. ಅವನ್ನೊಮ್ಮೆ ನೋಡಿಕೊಂಡು ನಕ್ಕರು. "ನನ್ನ ಕೈನಾ? ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ಇದರಿಂದಲೇ ಹೊಟ್ಟೆ ಹೊರೀಬೇಕಲ್ಲ."

"ನಾನೂ ಇದರಿಂದಲೇ," ಎಂದೆ. ಅವರ ನಗು ನಿಂತಿತು.

ಏನೂ ಮಾಡಿಸದೆ ಅಂಗಡಿಗೆ ಮರಳಿದೆ. ಆ ಸಂಜೆ ನನಗಿಂತ ಹಿರಿಯ ಹೆಂಗಸೊಬ್ಬರು ಬಂದು ಹಸಿರು ಹರಳಿನ ಉಂಗುರ ಕೇಳಿದರು. ಕೊಳ್ಳಲು ಒಪ್ಪುವ ಮೊದಲೇ ಗಿರಾಕಿಯ ಬೆರಳಿಗೆ ತೊಡಿಸಕೂಡದೆಂದು ವರ್ಧಮಾನಯ್ಯನವರ ಕಟ್ಟಪ್ಪಣೆ. ಒಡವೆಯ ಪಕ್ಕದಲ್ಲಿ ತಮ್ಮ ಮುಪ್ಪು ಕಂಡರೆ ಯಾರೂ ಕೊಳ್ಳುವುದಿಲ್ಲ ಎನ್ನುತ್ತಿದ್ದರು. ನನ್ನ ಕೈ ಚಾಚಲು ಹೆದರಿಕೆ, ಆಕೆಯ ಕೈ ಹಿಡಿಯಲು ಇನ್ನೂ ಹೆಚ್ಚಿನ ಹೆದರಿಕೆ. ಮಾಲೀಕರು ನೋಡುತ್ತಿದ್ದಂತೆಯೇ ಆಕೆಯ ಕೈ ಹಿಡಿದೆ. ಬೆರಳಿನ ಗೆಣ್ಣು ದಪ್ಪಗಿತ್ತು. ಉಂಗುರವನ್ನು ಮೆಲ್ಲಗೆ ತಿರುಗಿಸುತ್ತ ಇಳಿಸಿದೆ. ಆಕೆ ತಮ್ಮ ಕೈಯನ್ನೇ ದಿಟ್ಟಿಸಿದರು. ತಪ್ಪಾಯಿತೆಂದುಕೊಂಡು ತೆಗೆಯಲು ಹೋದೆ.

ಆಕೆ ಮುಷ್ಟಿ ಮಡಚಿದರು. "ತೆಗೀಬೇಡಮ್ಮ, ಇರಲಿ."

ವರ್ಧಮಾನಯ್ಯನವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಆ ಮುಷ್ಟಿಯನ್ನೇ ನೋಡುತ್ತ ನಿಂತೆ. ಅದರ ಮೇಲೆ ನೀಲಿ ನರಗಳು ಎದ್ದು ನಿಂತಿದ್ದವು, ಅವುಗಳ ಮುಂದೆ ಹಸಿರು ಹರಳು.